ವೆಬ್‌ಪ್ಯಾಕ್‌ಗೆ ವ್ಯೂ ಫೈಲ್ ಓದಿಸುವುದು ಹೇಗೆ?

ಶಿವಮೊಗ್ಗದ ನನ್ನ ಭಾನುವಾರದ ತರಗತಿಗೆ ಬರುವವರಿಗೆ ವೆಬ್ ಪುಟ ಕಟ್ಟುವ ಜಾವಾಸ್ಕ್ರಿಪ್ಟ್ ಚೌಕಟ್ಟಾದ ವ್ಯೂ ಕಲಿಯಲು ವಾರ ಸಾಕು. ಆದರೆ ಕೋಡ್ ಫೈಲುಗಳನ್ನು ಬ್ರೌಸರಿಗಾಗಿ ಒಟ್ಟುಗೂಡಿಸುವ ವೆಬ್‌ಪ್ಯಾಕ್‌ನ ಕಾನ್ಫಿಗ್‌ನಲ್ಲಿ ಸಿಕ್ಕಿಬಿದ್ದು ಕಲಿತದ್ದನ್ನೇ ಕೈಬಿಟ್ಟವರನ್ನು ನೋಡಿದ್ದೇನೆ. ಅವರಿಗಾಗಿ ಇದು.

ಮೊದಲು ಪ್ಯಾಕೇಜುಗಳು. ಲೋಡರ್ ಎಂದರೆ ಒಂದು ಬಗೆಯ ಫೈಲನ್ನು ವೆಬ್‌ಪ್ಯಾಕ್‌ಗೆ ಅರ್ಥವಾಗುವಂತೆ ಬದಲಿಸುವ ಪ್ಯಾಕೇಜು. ವ್ಯೂ 3ಕ್ಕೆ ವ್ಯೂ-ಲೋಡರ್ 17, ಜೊತೆಗೆ ಸಿಎಸ್ಎಸ್-ಲೋಡರ್, ಸ್ಟೈಲ್-ಲೋಡರ್, ಸಾಸ್ (ಸಿಎಸ್ಎಸ್ ಆಗಿ ಬದಲಾಗುವ ಸ್ಟೈಲ್ ಭಾಷೆ), ಸಾಸ್-ಲೋಡರ್. ವ್ಯೂ 2ರ ಬೆಂಬಲ 2023ರ ಡಿಸೆಂಬರ್ 31ಕ್ಕೇ ಮುಗಿದಿದೆ, ಹೊಸ ಕೆಲಸಕ್ಕೆ ಅದನ್ನು ಮುಟ್ಟಬೇಡಿ. ಸಾಸ್‌ನ ಹಳೆಯ ಕಂಪೈಲರ್ ನೋಡ್-ಸಾಸ್ ಅಂತೂ ಬೇಡವೇ ಬೇಡ. ನೋಡ್ ಆವೃತ್ತಿ ಬದಲಾದಾಗ ಸಿ++ ಕಂಪೈಲ್ ಮಾಡಲು ಹೋಗಿ ಕೈಕೊಡುತ್ತದೆ, ಅದನ್ನು ಕಟ್ಟಿದವರೇ ಕೈಬಿಟ್ಟಿದ್ದಾರೆ.

ಕಾನ್ಫಿಗ್‌ನ ರೂಲ್ಸ್ ಪಟ್ಟಿಯಲ್ಲಿ ಡಾಟ್ ವ್ಯೂ ಫೈಲಿಗೆ ವ್ಯೂ-ಲೋಡರ್ ಎಂದು ಬರೆಯಿರಿ. ಇಷ್ಟಕ್ಕೇ ನಿಲ್ಲಿಸಿದರೆ ಬಿಲ್ಡ್ ಕೆಂಪಾಗುತ್ತದೆ. ಆವೃತ್ತಿ 15ರಿಂದ ವ್ಯೂಲೋಡರ್‌ಪ್ಲಗಿನ್ ಅನ್ನು ಪ್ಲಗಿನ್ಸ್ ಪಟ್ಟಿಗೂ ಸೇರಿಸಲೇಬೇಕು. ಡಾಟ್ ಜೆಎಸ್, ಡಾಟ್ ಸಿಎಸ್ಎಸ್‌ಗೆ ನೀವು ಬರೆದ ನಿಯಮಗಳನ್ನೇ ಅದು ವ್ಯೂ ಫೈಲಿನೊಳಗಿನ ಸ್ಕ್ರಿಪ್ಟ್, ಸ್ಟೈಲ್ ಭಾಗಗಳಿಗೂ ಹಚ್ಚುತ್ತದೆ. ಸಿಎಸ್ಎಸ್‌ಗೆ ನಿಯಮವೇ ಇಲ್ಲದಿದ್ದರೆ ಹಚ್ಚಲು ಏನೂ ಇರುವುದಿಲ್ಲ. ಲೋಡರಿನ ಆಪ್ಷನ್ಸ್ ಒಳಗೇ ಸಿಎಸ್ಎಸ್ ಲೋಡರುಗಳನ್ನು ತುರುಕಿದ ಮಾದರಿ ನೆಟ್‌ನಲ್ಲಿ ಕಂಡರೆ ಬಿಟ್ಟುಬಿಡಿ, ಅದು 14ರ ಕಾಲದ್ದು.

ಎಲ್ಲರೂ ಎಡವುವುದು ಸ್ಟೈಲ್ ಸಾಲಿನಲ್ಲಿ. ಸಾಸ್‌ನ ಒಂದು ಬರವಣಿಗೆ ರೂಪವಾದ ಎಸ್‌ಸಿಎಸ್‌ಎಸ್‌ಗೆ ಹೀಗೆ ಬರೆಯಿರಿ: ಸ್ಟೈಲ್-ಲೋಡರ್, ಸಿಎಸ್ಎಸ್-ಲೋಡರ್, ಸಾಸ್-ಲೋಡರ್. ವೆಬ್‌ಪ್ಯಾಕ್ ಇದನ್ನು ಬಲದಿಂದ ಎಡಕ್ಕೆ ಓಡಿಸುತ್ತದೆ. ಸಾಸ್ ಮೊದಲು ಸಿಎಸ್ಎಸ್ ಆಗುತ್ತದೆ, ಸಿಎಸ್ಎಸ್-ಲೋಡರ್ ಅದರೊಳಗಿನ ಇಂಪೋರ್ಟ್, ಯುಆರ್‌ಎಲ್‌ಗಳನ್ನು ಬಿಡಿಸುತ್ತದೆ, ಸ್ಟೈಲ್-ಲೋಡರ್ ಪುಟಕ್ಕೆ ಸೇರಿಸುತ್ತದೆ. ಹಸಿ ಅಡಿಕೆ ಸುಲಿದು, ಬೇಯಿಸಿ, ಆಮೇಲೆ ಅಟ್ಟಕ್ಕೆ ಹಾಕುವ ಹಾಗೆ. ಮಲೆನಾಡಿನವರಿಗೆ ಕ್ರಮ ತಪ್ಪಿದರೆ ಏನಾಗುತ್ತದೆಂದು ಹೇಳಬೇಕಿಲ್ಲ.

ಇನ್ನೊಂದು ತೊಡಕು ಸದ್ದೇ ಮಾಡುವುದಿಲ್ಲ. ತೀರ್ಥಹಳ್ಳಿಯ ಹುಡುಗಿಯೊಬ್ಬಳ ಪುಟದಲ್ಲಿ ಬಿಲ್ಡ್ ಹಸಿರು, ಕನ್ಸೋಲ್ ಖಾಲಿ, ಆದರೆ ಹಸಿರಿರಬೇಕಾದ ಬಟನ್ ಮಾತ್ರ ಬೂದು. ಎರಡು ರಾತ್ರಿ ಹುಡುಕಿದ್ದಳು. ಕಾರಣ ಸ್ಟೈಲ್-ಲೋಡರಿನ ಜಾಗದಲ್ಲಿ ಹಾಕಿದ್ದ ವ್ಯೂ-ಸ್ಟೈಲ್-ಲೋಡರ್. ಸಿಎಸ್ಎಸ್-ಲೋಡರ್ 4ರಿಂದ ಇಎಸ್‌ಮಾಡ್ಯೂಲ್ ಎಂಬ ಆಪ್ಷನ್ ತಾನಾಗಿ ಟ್ರೂ ಆಗಿರುತ್ತದೆ, ಹಳೆಯ ವ್ಯೂ-ಸ್ಟೈಲ್-ಲೋಡರಿಗೆ ಆ ರೂಪ ಅರ್ಥವಾಗದೆ ಸ್ಟೈಲ್ ಕಳೆದುಹೋಗುತ್ತದೆ. ಆ ಆಪ್ಷನ್ ಅನ್ನು ಫಾಲ್ಸ್ ಮಾಡಿದರೆ ಸರಿಹೋಗುತ್ತದೆ. ನನ್ನ ಮಾತು ಕೇಳುವುದಾದರೆ, ಸರ್ವರಿನಲ್ಲಿ ಪುಟ ರೆಂಡರ್ ಮಾಡುವವರಲ್ಲದಿದ್ದರೆ ನೇರವಾಗಿ ಸ್ಟೈಲ್-ಲೋಡರ್ ಬಳಸಿ.

ಪ್ರೊಡಕ್ಷನ್‌ಗೆ ಸ್ಟೈಲ್-ಲೋಡರ್ ಜಾಗದಲ್ಲಿ, ಸಿಎಸ್ಎಸ್ ಅನ್ನು ಬೇರೆ ಫೈಲಾಗಿ ತೆಗೆಯುವ ಮಿನಿಸಿಎಸ್ಎಸ್‌ಎಕ್ಸ್‌ಟ್ರಾಕ್ಟ್‌ಪ್ಲಗಿನ್‌ನ ಲೋಡರ್ ಹಾಕಿ, ಎರಡನ್ನೂ ಒಟ್ಟಿಗೆ ಬೇಡ. ಹೊಸದಾಗಿ ಶುರುಮಾಡುವವರು ವೆಬ್‌ಪ್ಯಾಕ್ ಬದಲು ವೀಟ್ ಎಂಬ ಬಿಲ್ಡ್ ಸಾಧನ ತೆಗೆದುಕೊಳ್ಳಿ, ಇಷ್ಟೆಲ್ಲ ಬರೆಯುವ ಕೆಲಸವೇ ಇಲ್ಲ. ಕಚೇರಿಯ ಹಳೆಯ ಕೋಡ್ ಹೊತ್ತವರಿಗೆ ಮಾತ್ರ ಈ ದಾರಿ.

ಕಾನ್ಫಿಗ್ ತಿದ್ದಿದ ಮೇಲೆ ಡೆವ್ ಸರ್ವರ್ ನಿಲ್ಲಿಸಿ ಮತ್ತೆ ಶುರುಮಾಡಿ. ಸ್ಟೈಲ್ ಟ್ಯಾಗಿಗೆ ಸ್ಕೋಪ್ಡ್ (ಸ್ಟೈಲ್ ಆ ಫೈಲಿಗಷ್ಟೇ ಸೀಮಿತ) ಎಂದು ಸೇರಿಸಿ, ಬಟನ್ ಮೇಲೆ ರೈಟ್ ಕ್ಲಿಕ್ ಮಾಡಿ ಇನ್‌ಸ್ಪೆಕ್ಟ್ ತೆರೆಯಿರಿ. ಡೇಟಾ-ವಿ ಎಂದು ಶುರುವಾಗುವ ಗುರುತು ಬಟನ್ನಿನಲ್ಲೂ ಸಿಎಸ್ಎಸ್ ಸಾಲಿನಲ್ಲೂ ಒಂದೇ ಇದ್ದರೆ ಲೋಡರ್ ಸರಿಯಾಗಿ ಕೂತಿದೆ.