ಹೊಸ ಶಿಕ್ಷಕರು ಬಂದ ಮೊದಲ ವಾರ

ಹೊಸದಾಗಿ ನೇಮಕವಾದವರು ನಿಮ್ಮ ಶಾಲೆಗೆ ಬರುತ್ತಿದ್ದಾರೆಯೇ? ಮೊದಲ ದಿನವೇ ಅವರೊಬ್ಬರನ್ನೇ ಆಟ, ಚಟುವಟಿಕೆಗಳ ಮೂಲಕ ಕಲಿಸುವ ನಲಿಕಲಿ ಕೊಠಡಿಗೆ ಬಿಟ್ಟು ಬಾಗಿಲು ಎಳೆದುಕೊಳ್ಳಬೇಡಿ. ಒಂದರಿಂದ ಮೂರನೆಯ ತರಗತಿಯ ಮಕ್ಕಳೆಲ್ಲ ಒಂದೇ ಕಡೆ, ಒಬ್ಬೊಬ್ಬರು ಕಲಿಕಾ ಏಣಿಯ, ಅಂದರೆ ಹಂತಹಂತವಾಗಿ ಜೋಡಿಸಿದ ಕಲಿಕೆಯ ಪಟ್ಟಿಯ, ಒಂದೊಂದು ಮೆಟ್ಟಿಲಲ್ಲಿ. ತರಬೇತಿಯಲ್ಲಿ ಓದಿದ್ದು ಆ ಗದ್ದಲದಲ್ಲಿ ನೆನಪಿಗೇ ಬರುವುದಿಲ್ಲ.

ನಾನು ಮಾಡುವುದು ಇಷ್ಟು. ಮೂರು ದಿನ ಅವರು ನನ್ನ ತರಗತಿಯಲ್ಲಿ ಮಕ್ಕಳ ಜೊತೆ ಚಾಪೆಯ ಮೇಲೆ ಕುಳಿತಿರುತ್ತಾರೆ. ನಾಲ್ಕನೆಯ ದಿನ ಒಂದು ಗುಂಪು ಮಾತ್ರ ಅವರ ಪಾಲಿಗೆ. ಆಮೇಲೆ ನಾನು ಹಿಂದೆ ಕುಳಿತು ನೋಡುತ್ತೇನೆ, ಬರಿಗೈಯಲ್ಲಿ. ಪೆನ್ನು ಕಂಡರೆ ತಪಾಸಣೆಯೆಂದು ಹೆದರುತ್ತಾರೆ. ಬಿಸಿಯೂಟದ ನಂತರ ಹತ್ತು ನಿಮಿಷ ಮಾತು. “ಮೂಲೆಯ ಹುಡುಗಿ ಮಿಂಚುಪಟ್ಟಿಯನ್ನು ತಲೆಕೆಳಗೆ ಹಿಡಿದು ಓದುತ್ತಿದ್ದಳು, ಗಮನಿಸಿದಿರಾ ಮೇಡಂ?” ದಿನಕ್ಕೆ ಒಂದೇ ಅಂಶ, ಹೆಚ್ಚಿಲ್ಲ.

ಹಾಲು, ಮೊಟ್ಟೆಯ ಲೆಕ್ಕ, ಸ್ಯಾಟ್ಸ್ (ಮಕ್ಕಳ ವಿವರ ದಾಖಲಿಸುವ ಇಲಾಖೆಯ ಆನ್‌ಲೈನ್ ವ್ಯವಸ್ಥೆ) ನಮೂದು ಎಲ್ಲವನ್ನೂ ಕಿರಿಯರ ತಲೆಗೆ ಕಟ್ಟುವುದು ನಮ್ಮ ಹಳೆಯ ಚಾಳಿ (ನನಗೂ ಹಾಗೆಯೇ ಕಟ್ಟಿದ್ದರು). ಮೊದಲ ಮೂರು ತಿಂಗಳು ಅದನ್ನು ನಾವೇ ಇಟ್ಟುಕೊಳ್ಳೋಣ. ಊರಿನಲ್ಲಿ ಒಂದು ಬಾಡಿಗೆ ಮನೆಯನ್ನೂ ವಿಚಾರಿಸಿ ಕೊಡಿ. ದಿನಕ್ಕೆ ನಾಲ್ಕು ಗಂಟೆ ಬಸ್ಸಿನಲ್ಲಿ ಕಳೆಯುವವರು ವರ್ಗಾವಣೆಯ ಅರ್ಜಿಯನ್ನೇ ಧ್ಯಾನಿಸುತ್ತಿರುತ್ತಾರೆ.