ಗುಂಡಿ ತೋಡುವ ಹಿಂದಿನ ರಾತ್ರಿ

ಅಮೆರಿಕದ ಅರಿಜೋನಾದ ಫೀನಿಕ್ಸ್‌ನಲ್ಲಿ ಹೊಸ ಲೇಔಟ್ ಒಂದಕ್ಕೆ ಸೈಟ್ ಎಂಜಿನಿಯರ್ ಆಗಿ ಸೇರಿದಾಗ ಧೂಳಿನ ಬಗ್ಗೆ ಅರ್ಧ ದಿನ ಪಾಠ ಮಾಡಿದರು. ನಾನು ಸುಮ್ನೆ ತಲೆ ಆಡಿಸಿದೆ. ಚಿತ್ರದುರ್ಗದ ಕಡೆಯವನಿಗೆ ಧೂಳೇನು ಹೊಸದಾ?

ಎರಡನೇ ವರ್ಷ ಅಕ್ಟೋಬರ್‌ನಲ್ಲಿ ಮಲಗಿಬಿಟ್ಟೆ. ಜ್ವರ, ಒಣ ಕೆಮ್ಮು, ರಾತ್ರಿ ಬೆವರು, ಮಂಡಿ ನೋವು. ಒಂದು ಕ್ಲಿನಿಕ್‌ನಲ್ಲಿ ನ್ಯುಮೋನಿಯಾ ಅಂತ ಎರಡು ಸಲ ಆ್ಯಂಟಿಬಯಾಟಿಕ್ ಕೊಟ್ಟರು. ಒಂಚೂರೂ ಕಮ್ಮಿ ಆಗಲಿಲ್ಲ. ಕೊನೆಗೆ ರಕ್ತ ಪರೀಕ್ಷೆಯಲ್ಲಿ ಸಿಕ್ಕಿದ್ದು ವ್ಯಾಲಿ ಫೀವರ್. ಕಾಕ್ಸಿಡಿಯಾಯ್ಡಿಸ್ ಅನ್ನೋ ಬೂಸ್ಟು ತರುವ ಕಾಯಿಲೆ. ಒಬ್ಬರಿಂದ ಒಬ್ಬರಿಗೆ ಅಂಟುವುದಿಲ್ಲ, ಮಣ್ಣಿನಿಂದ ಉಸಿರಿನ ಜೊತೆ ಒಳಗೆ ಹೋಗುತ್ತದೆ. ಸುಸ್ತು ಬಿಡೋಕೆ ನಾಲ್ಕು ತಿಂಗಳು ಬೇಕಾಯಿತು.

ಮಳೆ ಬಿದ್ದಾಗ ಈ ಬೂಸ್ಟು ನೆಲದೊಳಗೆ ನೂಲಿನ ಹಾಗೆ ಹಬ್ಬುತ್ತದೆ. ಮಣ್ಣು ಒಣಗಿದಾಗ ಆ ನೂಲು ಚೂರುಚೂರಾಗುತ್ತದೆ. ಒಂದೊಂದು ಚೂರು 2ರಿಂದ 5 ಮೈಕ್ರಾನ್ ಅಷ್ಟೇ, ಕಣ್ಣಿಗೆ ಕಾಣದಷ್ಟು ಸಣ್ಣದು, ಧೂಳಿನ ಜೊತೆ ಹಾರುತ್ತದೆ. ಹಾಗಾಗಿ ಒಳ್ಳೆ ಮಳೆಯಾಯಿತು ಅಂತ ಇಲ್ಲಿ ನಿರಾಳ ಆಗುವ ಹಾಗಿಲ್ಲ. ಆಮೇಲೆ ಬರುವ ಒಣ ತಿಂಗಳುಗಳದ್ದೇ ಕಾಟ.

ಇಲ್ಲಿಯವರು ಧೂಳು ಅಂದರೆ 2011ರ ಜುಲೈ 5ರಂದು ಊರನ್ನೇ ಮುಚ್ಚಿದ ಹಬೂಬ್‌ನ, ಅಂದರೆ ಗೋಡೆಯ ಹಾಗೆ ಬರುವ ಧೂಳಿನ ಬಿರುಗಾಳಿಯ, ಫೋಟೋ ತೋರಿಸುತ್ತಾರೆ. ಅದು ಬರುವುದು ದೂರದಿಂದಲೇ ಕಾಣುತ್ತದೆ, ಒಳಗೆ ಓಡಬಹುದು. ನನಗೆ ಜಾಸ್ತಿ ಭಯ ನಮ್ಮದೇ ಪೈಪ್‌ಲೈನ್ ಗುಂಡಿಯದು.

ಮೊದಲೆಲ್ಲ ಬೆಳಿಗ್ಗೆ ಟ್ಯಾಂಕರ್‌ನಲ್ಲಿ ನೀರು ಹೊಡೆಸಿ ಕೆಲಸ ಶುರು ಮಾಡುತ್ತಿದ್ದೆವು. ಮೇಲ್ಮಣ್ಣು ಕಪ್ಪಗೆ, ಚೆನ್ನಾಗಿ ನೆನೆದ ಹಾಗೆ ಕಾಣುತ್ತಿತ್ತು. ಎಕ್ಸ್‌ಕವೇಟರ್, ಅದೇ ನಮ್ಮೂರಿನ ಹಿಟಾಚಿ, ಬಕೆಟ್ ಎತ್ತಿದರೆ ಅಡಿಯಿಂದ ಗೋಧಿ ಹಿಟ್ಟಿನಂಥ ಪುಡಿ ಭುಸ್ ಅಂತ ಏಳುತ್ತಿತ್ತು. 43 ಡಿಗ್ರಿ ಬಿಸಿಲಲ್ಲಿ ಮೇಲೆ ಚಿಮುಕಿಸಿದ ನೀರು ಎಷ್ಟು ಹೊತ್ತು ನಿಲ್ಲುತ್ತದೆ? ಫೋನಿನಲ್ಲಿ ಹೇಳಿದಾಗ ಅಮ್ಮ ನಕ್ಕಳು: ‘ಅದು ಅಂಗಳ ಗುಡಿಸೋಕೆ ಸಾಕು ಕಣೋ, ಬಾವಿ ತೋಡೋಕಲ್ಲ.’

ಈಗ ಹಿಂದಿನ ರಾತ್ರಿಯೇ ಸ್ಪ್ರಿಂಕ್ಲರ್ ಬಿಟ್ಟಿರುತ್ತೇನೆ. ಬೆಳಿಗ್ಗೆ ಹಾರೆ ಹಾಕಿ ಒಂದಡಿ ಕೆಳಗಿನ ಮಣ್ಣು ತೆಗೆದು ಮುಷ್ಟಿಯಲ್ಲಿ ಹಿಂಡುತ್ತೇನೆ. ಉಂಡೆ ಕಟ್ಟಿದರೆ ಸರಿ. ಉದುರಿದರೆ ಯಂತ್ರ ಶುರು ಆಗುವುದಿಲ್ಲ, ಮೇಲಿನವರು ಎಷ್ಟೇ ಕೂಗಾಡಲಿ. ಕೆಲವು ಕಡೆ ಕ್ಯಾಲಿಚಿ ಅನ್ನೋ ಸುಣ್ಣದ ಗಟ್ಟಿ ಪದರ ಸಿಗುತ್ತದೆ. ಅದಕ್ಕೆ ನೀರು ಇಳಿಯುವುದೇ ಇಲ್ಲ. ಒಡೆಯುವಾಗಲೇ ಒಬ್ಬರು ಪೈಪ್ ಹಿಡಿದು ನೀರು ಬಿಡುತ್ತಾ ನಿಲ್ಲಬೇಕು, ಗಾಳಿಗೆ ಬೆನ್ನು ಕೊಟ್ಟು, ಎನ್-95 ಮಾಸ್ಕ್ ಹಾಕಿಕೊಂಡು. ಆ ಸೆಕೆಯಲ್ಲಿ ಮಾಸ್ಕ್ ಅರ್ಧ ಗಂಟೆಗೇ ಗದ್ದಕ್ಕೆ ಇಳಿದಿರುತ್ತದೆ, ಅದು ಬೇರೆ ಮಾತು. ವ್ಯಾಲಿ ಫೀವರ್ ಒಂದು ಸಲ ಬಂದು ಹೋದವರಿಗೆ ಸಾಮಾನ್ಯವಾಗಿ ಮತ್ತೆ ಬರುವುದಿಲ್ಲವಂತೆ. ಅದಕ್ಕೇ ಆ ಪೈಪ್ ಹೆಚ್ಚಾಗಿ ನಾನೇ ಹಿಡಿಯುತ್ತೇನೆ. ಅರಿಜೋನಾಗೆ ಹೊಸದಾಗಿ ಬಂದವರನ್ನು, ಸಕ್ಕರೆ ಕಾಯಿಲೆ ಇರುವವರನ್ನು ಗುಂಡಿಯಿಂದ ದೂರ ಹಾಕುತ್ತೇನೆ.

ಕೆಮ್ಮು ವಾರ ದಾಟಿದರೆ ಕ್ಲಿನಿಕ್‌ನಲ್ಲಿ ‘ನಾನು ಮಣ್ಣಿನ ಕೆಲಸದವನು, ವ್ಯಾಲಿ ಫೀವರ್ ಟೆಸ್ಟ್ ಮಾಡಿ’ ಅಂತ ಬಾಯಿಬಿಟ್ಟು ಕೇಳಿ ಅಂತ ಹುಡುಗರಿಗೆಲ್ಲ ಹೇಳಿಟ್ಟಿದ್ದೇನೆ. ಹೋದ ತಿಂಗಳು ಒಬ್ಬ ಹಾಗೇ ಕೇಳಿದ. ಮೊದಲ ಸಲಕ್ಕೇ ಗೊತ್ತಾಯಿತು.