ಗೇರ್‌ಬಾಕ್ಸ್ ಎತ್ತದೆ ಹಿಂದಿನ ಸೀಲ್: ಬೈತಖೋಲದಲ್ಲಿ ನಾನೇ ಮಾಡಿಕೊಂಡ ಟೂಲ್‌ಗಳು

ಟ್ರಾಲ್ ಬೋಟಿನ ಗೇರ್‌ಬಾಕ್ಸ್‌ನ ಹಿಂದಿನ ಆಯಿಲ್ ಸೀಲನ್ನು (ಆಯಿಲ್ ಹೊರಗೆ ಸೋರದ ಹಾಗೆ ತಡೆಯುವ ರಬ್ಬರ್ ಬಳೆ) ಗೇರ್‌ಬಾಕ್ಸ್ ಎತ್ತದೆ ಬದಲಿಸಲಿಕ್ಕೆ ಬರುತ್ತದೆ. ಬೋಟ್ ನೀರಿನಲ್ಲೇ ಇರಲಿ, ಎಂಜಿನ್ ಬೆಡ್‌ನ ಒಂದು ಬೋಲ್ಟನ್ನೂ ಮುಟ್ಟಬೇಕಾಗಿಲ್ಲ. ಇದನ್ನು ಹೇಳಿದಾಗ ಕಾರವಾರದ ಬೈತಖೋಲ ಬಂದರಿನಲ್ಲಿ ನಕ್ಕವರೇ ಜಾಸ್ತಿ. ಮಲ್ಪೆಯಲ್ಲಿ ಕೆಲಸ ಮಾಡಿ ಬಂದ ಹಿರಿಯ ಮೇಸ್ತ್ರಿಯೊಬ್ಬರು, "ತಮ್ಮಾ, ಅದು ಬಾಯಲ್ಲಿ ಆಗ್ತದೆ, ಬೋಟಲ್ಲಿ ಆಗೂದಿಲ್ಲ" ಎಂದಿದ್ದರು. ಕಳೆದ ಸೀಸನ್‌ನಲ್ಲಿ ಅವರ ಅಳಿಯನ ಬೋಟಿನದ್ದನ್ನು ಮಾಡಿಕೊಟ್ಟವನು ನಾನೇ.

ಇಲ್ಲಿ ಕಾಡುವುದು ಜಾಗ. ಕಪ್ಲಿಂಗ್ ಬಿಚ್ಚಿ ಪ್ರೊಪೆಲ್ಲರ್ ಶಾಫ್ಟನ್ನು ಹಿಂದೆ ತಳ್ಳಿದರೆ ಪ್ರೊಪೆಲ್ಲರ್ ಹೋಗಿ ಚುಕ್ಕಾಣಿಗೆ ತಾಗಿ ನಿಲ್ಲುತ್ತದೆ. ನಮ್ಮ ಮರದ ಬೋಟುಗಳಲ್ಲಿ ಸಿಗುವ ಸಂದು ಹೆಚ್ಚೆಂದರೆ ಐದು ಇಂಚು, ಕೆಲವದರಲ್ಲಿ ನಾಲ್ಕೇ. ಅಷ್ಟರಲ್ಲಿ ಮೂರು ಕಾಲಿನ ಪುಲ್ಲರ್ ಕೂರುವುದಿಲ್ಲ, ಉದ್ದ ಸಾಕೆಟ್ ನುಗ್ಗುವುದಿಲ್ಲ, ಸುತ್ತಿಗೆ ಬೀಸಲಿಕ್ಕೆ ಕೈ ಆಡುವುದಿಲ್ಲ. ಅದಕ್ಕೇ ಎಲ್ಲರೂ ಗೇರ್‌ಬಾಕ್ಸನ್ನೇ ಎತ್ತುವುದು. ಎತ್ತುವುದೆಂದರೆ ಮೇಲಿನ ಹಲಗೆ ಬಿಚ್ಚು, ಚೈನ್ ಬ್ಲಾಕ್ ಕಟ್ಟು, ಐದಾರು ಖಲಾಸಿಗಳನ್ನು ನಿಲ್ಲಿಸು, ಇಳಿಸಿದ ಮೇಲೆ ಅಲೈನ್‌ಮೆಂಟ್ ಮತ್ತೆ ಮೊದಲಿಂದ. ಮಾಲೀಕನ ಕಿಸೆಯಿಂದ ಇಪ್ಪತ್ತೈದು, ಮೂವತ್ತು ಸಾವಿರ ಹೋಯಿತು. ಮೀನು ಬೀಳುವ ವಾರದಲ್ಲಿ ಬೋಟ್ ದಕ್ಕೆಗೆ ಕಟ್ಟಿಕೊಂಡು ಕೂತ ನಷ್ಟ ಬೇರೆ. ಇಷ್ಟೆಲ್ಲ ಎಂಟುನೂರು ರೂಪಾಯಿ ಆಸುಪಾಸಿನ ಒಂದು ಸೀಲಿಗೆ.

ಜೂನ್ 1ರಿಂದ ಜುಲೈ 31ರವರೆಗೆ, ಮೀನುಗಾರಿಕೆ ನಿಷೇಧದ 61 ದಿನ ಈ ಕೆಲಸ ಆರಾಮಾಗಿ ಮಾಡಬಹುದಿತ್ತು. ಆದರೆ ಸೀಲ್ ಸೋರುವುದು ಆಗಸ್ಟಿನಲ್ಲೇ. ಎರಡು ತಿಂಗಳು ತಿರುಗದೆ ನಿಂತಲ್ಲಿ ಉಪ್ಪಿನ ತೇವಕ್ಕೆ ತುಕ್ಕು ಕೂತು, ಮೊದಲ ಒಂದೆರಡು ಟ್ರಿಪ್‌ನಲ್ಲೇ ಸೀಲಿನ ಲಿಪ್, ಅಂದರೆ ಅದರ ರಬ್ಬರ್ ಅಂಚು, ಹರಿದುಕೊಳ್ಳುತ್ತದೆ.

ನನ್ನ ಕೈಗೆ ಹೆಚ್ಚು ಬರುವುದು ಚೀನಾ ಗೇರ್‌ಬಾಕ್ಸ್. ನಾನು ಮೊದಲು ಹಿಡಿದದ್ದರಲ್ಲಿ ಫ್ಲೇಂಜ್ (ಪ್ರೊಪೆಲ್ಲರ್ ಶಾಫ್ಟಿಗೆ ಜೋಡಿಸುವ ದುಂಡು ತಟ್ಟೆ, ಇದನ್ನು ತೆಗೆದರೇ ಸೀಲ್ ಸಿಗುವುದು) ಸ್ಪ್ಲೈನ್, ಅಂದರೆ ಶಾಫ್ಟಿನ ಉದ್ದುದ್ದ ಹಲ್ಲುಗಳ, ಮೇಲೆ ಕೂತಿತ್ತು, ಅದರ ಮೇಲೆ ನಾಲ್ಕು ಕಚ್ಚಿನ ದುಂಡು ನಟ್, ಕಿವಿ ಮಡಚಿದ ಲಾಕ್ ವಾಷರ್. ಈ ನಟ್‌ಗೆ ಚಿಸೆಲ್ ಇಟ್ಟು ಹೊಡೆಯುವ ಅಭ್ಯಾಸ ನಮ್ಮಲ್ಲಿ ಇದೆ, ಕಚ್ಚುಗಳೆಲ್ಲ ಜಜ್ಜಿ ಹೋಗಿರುತ್ತವೆ, ಒಳಗೆ ಬೇರಿಂಗ್‌ಗೂ ಪೆಟ್ಟು. ಒರಿಜಿನಲ್ ಟೂಲ್ ಕೇಳಿದೆ. ಸಪ್ಲೈಯರ್ ಒಬ್ಬರು ಸೆಟ್ಟಿಗೆ ನಲವತ್ತು ಸಾವಿರದ ಹತ್ತಿರ ಹೇಳಿದರು. ಫೋಟೋ ತರಿಸಿ ನೋಡಿದರೆ ಸಾಕೆಟ್ ಒಂದಡಿ ಉದ್ದ! ಗೇರ್‌ಬಾಕ್ಸ್ ಟೇಬಲ್ ಮೇಲೆ ಇದ್ದವನಿಗೆ ಅದು, ಎಂಜಿನ್ ರೂಮಿನಲ್ಲಿ ಬಗ್ಗಿ ಕೂತವನಿಗಲ್ಲ.

ಮೊದಲು ಗುಜರಿಯಿಂದ ದಪ್ಪ ಜಿಐ ಪೈಪ್ ತಂದು ಗ್ರೈಂಡರ್‌ನಲ್ಲಿ ನಾಲ್ಕು ಹಲ್ಲು ಕೊರೆದೆ. ಬಲ ಹಾಕಿದ ಕೂಡಲೇ ಹಲ್ಲುಗಳು ದಾಸವಾಳದ ಹಾಗೆ ಹೊರಗೆ ಅರಳಿಕೊಂಡವು. ನಂತರ ಲಾರಿ ಹಬ್ ನಟ್‌ನ ಹಳೇ ಬಾಕ್ಸ್ ಸ್ಪ್ಯಾನರ್ ಕತ್ತರಿಸಿ ಹಲ್ಲು ವೆಲ್ಡ್ ಮಾಡಿದ್ದು. ನಟ್ ಅಲುಗಲಿಲ್ಲ, ವೆಲ್ಡಿಂಗ್ ಬಿರುಕು ಬಿಟ್ಟಿತು. ಕೊನೆಗೆ ಇಎನ್8 ಎಂಬ ಗಟ್ಟಿ ಉಕ್ಕಿನ ರೌಂಡ್ ತೆಗೆದುಕೊಂಡು, ಸದಾಶಿವಗಡ ಕಡೆಯ ಲೇತ್‌ನಲ್ಲಿ ಹಲ್ಲು ಸಮೇತ ಒಂದೇ ತುಂಡಾಗಿ ಮಾಡಿಸಿದೆ. ಎತ್ತರ ಬರೀ 45 ಮಿಲಿಮೀಟರ್. ಕಾಳಿ ನದಿಯ ಹಳೇ ಸೇತುವೆ ಬಿದ್ದದ್ದು, 2024ರ ಆಗಸ್ಟ್, ಅದೇ ಹೊತ್ತಿಗೆ. ಟೂಲ್ ಆಚೆ ದಡದಲ್ಲಿ, ಸೋರುವ ಬೋಟ್ ಈಚೆ ದಡದಲ್ಲಿ. ಹೊಸ ಸೇತುವೆ ಮೇಲೆ ಓಡಾಟ ಸರಿಯಾಗುವವರೆಗೆ ಆ ಬೋಟಿನ ತಾಂಡೇಲ (ಬೋಟ್ ನಡೆಸುವವನು) ದಿನಾ ಫೋನ್ ಮಾಡಿ "ಮೇಸ್ತ್ರಿ, ಈಜಿ ತರ್ಲಾ?" ಎಂದು ಕೇಳುತ್ತಿದ್ದ.

ಆ ಹಲ್ಲನ್ನು ಕೆಂಪಗೆ ಕಾಯಿಸಿ ಸುಟ್ಟ ಎಂಜಿನ್ ಆಯಿಲ್‌ನಲ್ಲಿ ಅದ್ದಿ ಗಟ್ಟಿ ಮಾಡಬೇಕು, ಅಲ್ಲಿಗೇ ಬಿಟ್ಟರೆ ಮುರಿಯುತ್ತದೆ. ತಿರುಗಿ ಹದವಾಗಿ ಕಾಯಿಸಿ, ಉಜ್ಜಿದ ಮೈಯಲ್ಲಿ ಒಣಹುಲ್ಲಿನ ಬಣ್ಣ ದಾಟಿ ನೀಲಿ ಇಣುಕುವಾಗ ನಿಲ್ಲಿಸಬೇಕು. ಹಲ್ಲಿನ ಬದಿಗೆ ನಾನು ಒಂದು ಸಣ್ಣ ಇಳಿಜಾರು ಕೊಡುತ್ತೇನೆ, ಬಲ ಬಿದ್ದಷ್ಟೂ ಅದು ನಟ್‌ಗೆ ಕಚ್ಚಿಕೊಳ್ಳುತ್ತದೆ. ಎಷ್ಟು ಡಿಗ್ರಿ, ಯಾವ ಬದಿಗೆ ಎಂದು ಇಲ್ಲಿ ಬರೆಯುವುದಿಲ್ಲ. ಅದಕ್ಕೆ ನನ್ನ ದುಡ್ಡು ಬಹಳ ಹೋಗಿದೆ.

ನಟ್ ಬಿಚ್ಚುವಾಗ ಫ್ಲೇಂಜ್ ತಿರುಗಬಾರದಲ್ಲ, ಆರಡಿ ಕಬ್ಬಿಣದ ಚಾನೆಲ್ ಒಂದನ್ನು ಎರಡು ಬೋಲ್ಟ್ ಹಾಕಿ ಫ್ಲೇಂಜ್‌ಗೆ ಕಟ್ಟಿ, ಇನ್ನೊಂದು ತುದಿಯನ್ನು ಎಂಜಿನ್ ಬೆಡ್‌ಗೆ ಆನಿಸುವುದು. ಟೂಲಿನ ತೋಳನ್ನು ಮನುಷ್ಯರು ಎಳೆಯುವುದು ಬೇಡ. ತೋಳಿನ ಅಡಿಗೆ 5 ಟನ್ ಬಾಟಲ್ ಜ್ಯಾಕ್ ಇಡಿ. ಜ್ಯಾಕ್ ಕೂರುವುದು ಬೆಡ್ ಮರದ ಮೇಲೆ, ಅಪ್ಪಿತಪ್ಪಿಯೂ ತಳದ ಹಲಗೆ ಮೇಲಲ್ಲ. ಉಲ್ಟಾ ಥ್ರೆಡ್ ಅಲ್ಲ ಎಂದು ಮೊದಲು ನೋಡಿಕೊಂಡು ಜ್ಯಾಕ್ ಯಾವ ಬದಿಗೆ ಎಂದು ತೀರ್ಮಾನಿಸಿ. ನಾಲ್ಕೈದು ಸಲ ಪಂಪ್ ಮಾಡುವುದರಲ್ಲಿ "ಟಕ್" ಅನ್ನುತ್ತದೆ, ಆಮೇಲೆ ನಟ್ ಕೈಯಲ್ಲೇ ಬರುತ್ತದೆ.

ಇನ್ನು ಫ್ಲೇಂಜ್ ಎಳೆದು ತೆಗೆಯುವ ಪುಲ್ಲರ್. ನನ್ನದು ಪುಲ್ಲರ್ ತರ ಕಾಣುವುದೇ ಇಲ್ಲ. 25 ಮಿಲಿಮೀಟರ್ ದಪ್ಪದ ದುಂಡು ಪ್ಲೇಟ್, ಫ್ಲೇಂಜ್‌ನ ತೂತಿಗೆ ಸರಿಯಾಗಿ ನಾಲ್ಕು ತೂತು. ಶಾಫ್ಟ್ ತುದಿಗೂ ಪ್ಲೇಟಿಗೂ ನಡುವೆ ಲಾರಿ ಪಿಸ್ಟನ್ ಪಿನ್ನಿನ ಗಿಡ್ಡ ತುಂಡು. ಹೈ ಟೆನ್ಸೈಲ್ ಬೋಲ್ಟ್‌ಗಳನ್ನು ಎದುರುಬದುರು ಕಾಲು ಕಾಲು ಸುತ್ತು ಬಿಗಿಯುತ್ತ ಹೋದರೆ ಫ್ಲೇಂಜ್ ತಾನಾಗಿ ಪ್ಲೇಟ್ ಕಡೆ ಬರುತ್ತದೆ. ನಟ್ ಪೂರ್ತಿ ತೆಗೆಯದೆ ಎರಡು ಸುತ್ತು ಹಿಡಿಸಿಟ್ಟಿರಿ, ಬಿಟ್ಟುಕೊಂಡಾಗ ಮಂಡಿಗೆ ಹಾರುವುದಿಲ್ಲ. ಮೊದಲು 12 ಮಿಲಿಮೀಟರ್ ಪ್ಲೇಟಿನಲ್ಲಿ ಮಾಡಿದ್ದೆ, ಅದು ಬಾಗಿ ದೋಸೆ ಕಾವಲಿಗೂ ಆಗದ ಹಾಗೆ ಆಯಿತು. ತದಡಿ ಕಡೆ ಪ್ಲೇಟ್ ಬದಲು ಪ್ರೊಪೆಲ್ಲರ್ ಶಾಫ್ಟಿನ ಕಪ್ಲಿಂಗನ್ನೇ ಬಳಸುವವರಿದ್ದಾರೆ. ಗುಜರಿಯ ಹಳೇ ಜೋಡಿಯಲ್ಲಿ ಪರೀಕ್ಷೆ ಮಾಡಿದೆ: ಕೆಲಸ ಆಗುತ್ತದೆ, ಆದರೆ ಕಪ್ಲಿಂಗ್ ಮುಖ ಕೆಲವು ಥೌ (ಒಂದು ಥೌ ಎಂದರೆ ಇಂಚಿನ ಸಾವಿರದ ಒಂದು ಪಾಲು) ಓರೆಯಾಗುತ್ತದೆ. ಆ ಓರೆ ಹೊಸ ಸೀಲನ್ನು ತಿನ್ನುತ್ತದೆ.

ಹಳೇ ಸೀಲ್ ತೆಗೆಯುವುದು ನಿಮಗೆಲ್ಲ ಗೊತ್ತು, ತಗಡಿಗೆ ಎರಡು ಸ್ಕ್ರೂ ಹತ್ತಿಸಿ ಎಳೆಯುವುದು. ಸ್ಕ್ರೂಡ್ರೈವರ್ ಹಾಕಿ ಮೀಟಬೇಡಿ.

ತಲೆನೋವು ಇರುವುದು ಲಿಪ್ ಓಡಿದ ಜಾಗದಲ್ಲಿ. ಉಗುರು ಎಳೆದರೆ ಸಿಕ್ಕಿಕೊಳ್ಳುವಷ್ಟು ಗೀರು ಬಿದ್ದಿರುತ್ತದೆ. ಇದಕ್ಕೆ ತೆಳ್ಳಗಿನ ಸ್ಟೇನ್‌ಲೆಸ್ ಸ್ಲೀವ್ ಬರುತ್ತದೆ, ಗೋಡೆ 0.28 ಮಿಲಿಮೀಟರ್ ಅಷ್ಟೇ, ಸೀಲಿನ ಅಳತೆ ಬದಲಾಗುವುದಿಲ್ಲ. ಬೆಲೆ ಕೇಳಿ, ಪಾತ್ರೆ ಮಾಡುವ ಸ್ಟೀಲ್ ತಗಡಿನಲ್ಲಿ ನಾನೇ ಮಾಡುತ್ತೇನೆ ಎಂದು ಹೊರಟೆ. ಸುತ್ತಿ, ಸಣ್ಣ ವೆಲ್ಡ್ ಹಾಕಿಸಿ, ಪಾಲಿಶ್ ಮಾಡಿ ಕೂರಿಸಿದ್ದು ನೋಡಲಿಕ್ಕೆ ಬಹಳ ಚಂದ ಇತ್ತು. ವೆಲ್ಡಿನ ಗೆರೆ ಪ್ರತಿ ಸುತ್ತಿಗೂ ಲಿಪ್ ಸವರಿ, ಆಯಿಲ್ ಮತ್ತೆ ತಳದ ನೀರಿಗೆ. ಈಗ ಗೀರು ಆಳ ಇದ್ದರೆ ಕಂಪನಿ ಸ್ಲೀವ್, ಇಲ್ಲದಿದ್ದರೆ ಸೀಲನ್ನೇ 3 ಮಿಲಿಮೀಟರ್ ಒಳಗೆ ಕೂರಿಸುತ್ತೇನೆ, ಲಿಪ್‌ಗೆ ಹೊಸ ದಾರಿ ಸಿಗುತ್ತದೆ. ಹಿಂದೆ ಅಷ್ಟು ಜಾಗ ಇದೆಯೋ, ಆಯಿಲ್ ವಾಪಸ್ ಹೋಗುವ ತೂತು ಮುಚ್ಚುತ್ತದೆಯೋ ನೋಡಿಕೊಳ್ಳಿ.

ಆ 3 ಮಿಲಿಮೀಟರನ್ನು ಕಣ್ಣಳತೆಯಲ್ಲಿ ಕೂರಿಸಿದರೆ ಸೀಲ್ ವಾರೆಯಾಗುತ್ತದೆ. ಅದಕ್ಕೆ ಸೀಲನ್ನು ಸಮನಾಗಿ ಒತ್ತಿ ಕೂರಿಸುವ ಡ್ರೈವರ್ ಬೇಕು. ಹುಣಸೆ ಮರದ್ದು ಮಾಡಿಸಿದೆ, ಎಂಜಿನ್ ರೂಮಿನ ತೇವಕ್ಕೆ ಉಬ್ಬಿತು. ನೈಲಾನ್ ರೌಂಡಿಗೆ ಹುಬ್ಬಳ್ಳಿಯಲ್ಲಿ ಹೇಳಿದ ರೇಟ್ ಕೇಳಿ ಸುಮ್ಮನೆ ಅರಬೈಲ್ ಘಟ್ಟ ಇಳಿದು ಬಂದೆ. ಪರಿಹಾರ ನಮ್ಮ ಊರಿನ ರಸ್ತೆ ಬದಿಯಲ್ಲೇ ಬಿದ್ದಿತ್ತು: ಮನೆ ಮನೆಗೆ ನಲ್ಲಿ ಹಾಕುವ ಕೆಲಸದಲ್ಲಿ ಉಳಿದ ಕಪ್ಪು ಎಚ್‌ಡಿಪಿಇ ಪೈಪಿನ ತುಂಡು, 125 ಮಿಲಿಮೀಟರಿನದ್ದು. ನನ್ನ ಸೀಲ್ 90, 120, 12ರ ಅಳತೆ, ಅಂದರೆ ಒಳವ್ಯಾಸ, ಹೊರವ್ಯಾಸ, ದಪ್ಪ, ಮಿಲಿಮೀಟರಿನಲ್ಲಿ. ಪೈಪಿನ ಹೊರಮೈ 119ಕ್ಕೆ ಇಳಿಸಿದರೆ ಸರಿಯಾಗಿ ಸೀಲಿನ ಅಂಚಿಗೆ ಮಾತ್ರ ಕೂರುತ್ತದೆ. ಒಂದು ಬದಿ ಸಮಕ್ಕೆ ಕೂರಿಸಲು, ಇನ್ನೊಂದು ಬದಿಗೆ 3 ಮಿಲಿಮೀಟರ್ ಮೆಟ್ಟಿಲು, ಅಂಚು ಹೌಸಿಂಗ್‌ಗೆ ತಾಗಿ ತಾನೇ ನಿಲ್ಲುತ್ತದೆ. ಹೊಡೆಯುವುದೂ ಬೇಡ, ಅದೇ ಫ್ಲೇಂಜ್ ನಟ್ ಮತ್ತು ಒಂದು ಪ್ಲೇಟ್ ಬಳಸಿ ಒತ್ತಿದರೆ ಸಾಕು. ಲೇತ್ ಕೂಲಿ ನಾಲ್ಕುನೂರು, ಪೈಪ್ ಪುಕ್ಕಟೆ.

ಗಾಳಿ ಹಾಕಿ ನೋಡುವ ಬುದ್ಧಿ ಬಂದದ್ದು ದೋಣಿಯ ಹಿಂದೆ ಹೊರಗೆ ಕಟ್ಟುವ ಔಟ್‌ಬೋರ್ಡ್ ಎಂಜಿನ್‌ಗಳಿಂದ. ಪಾತಿ ದೋಣಿಯವರ ಔಟ್‌ಬೋರ್ಡ್‌ನಲ್ಲಿ ಪ್ರೊಪೆಲ್ಲರ್ ಹಿಂದೆ ತಂಗೂಸು (ನೈಲಾನ್ ದಾರ) ಸುತ್ತಿಕೊಂಡು ಸೀಲನ್ನು ಕತ್ತರಿಸುತ್ತದೆ, ಗೇರ್ ಆಯಿಲ್ ಹಾಲಿನ ಬಣ್ಣಕ್ಕೆ ತಿರುಗುತ್ತದೆ. ಹೊಸ ಸೀಲ್ ಹಾಕಿದ ಮೇಲೆ ಡ್ರೈನ್ ತೂತಿನಿಂದ 10 ಪಿಎಸ್‌ಐ ಗಾಳಿ ಹಾಕಿ ಬ್ಯಾರೆಲ್‌ನಲ್ಲಿ ಮುಳುಗಿಸಿದರೆ ಗುಳ್ಳೆ ಹೇಳುತ್ತದೆ. ಇದನ್ನೇ ದೊಡ್ಡ ಗೇರ್‌ಬಾಕ್ಸಿಗೆ ಬ್ರೀದರ್ (ಒಳಗಿನ ಗಾಳಿ ಹೊರಗೆ ಹೋಗಲಿಕ್ಕೆ ಇರುವುದು) ತೂತಿನಿಂದ ಮಾಡಿದೆ, ಸೈಕಲ್ ಪಂಪ್ ಮತ್ತು ಸೋಪಿನ ನೀರು. ಇಲ್ಲಿ 3, 4 ಪಿಎಸ್‌ಐ ಸಾಕು. ಅದಕ್ಕಿಂತ ಜಾಸ್ತಿ ಹಾಕಿದರೆ ಒಳ್ಳೇ ಸೀಲೂ ಗಾಳಿ ಬಿಡುತ್ತದೆ.

ಬ್ರೀದರ್ ಎಂದ ಮೇಲೆ ಇದೂ ಹೇಳಬೇಕು. ಸೀಲ್ ಹೋಯಿತೆಂದು ನನ್ನನ್ನು ಕರೆದ ಬೋಟುಗಳಲ್ಲಿ ಕೆಲವದರಲ್ಲಿ ಸೀಲಿಗೆ ಏನೂ ಆಗಿರಲಿಲ್ಲ. ಮಳೆಗಾಲದಲ್ಲಿ ಎಂಜಿನ್ ರೂಮಿಗೆ ಬಣ್ಣ ಬಳಿಯುವಾಗ ಬ್ರೀದರ್ ಮೇಲೂ ಬಳಿದುಬಿಟ್ಟಿರುತ್ತಾರೆ, ಬಿಸಿಯಾದ ಗಾಳಿಗೆ ದಾರಿ ಇಲ್ಲದೆ ಆಯಿಲನ್ನು ಲಿಪ್ ಕಡೆ ನೂಕುತ್ತದೆ. ಒಂದು ಪಿನ್ ಚುಚ್ಚಿ ಬಂದು, ಚಾ ಕುಡಿದು, ಐನೂರು ತೆಗೆದುಕೊಂಡದ್ದಿದೆ.

ಕಪ್ಲಿಂಗ್ ಮತ್ತೆ ಜೋಡಿಸುವಾಗ ಸಂದು ಅಳೆಯುವ ಫೀಲರ್ ಗೇಜ್ ಹಾಕದೆ ಬಿಗಿಯಬೇಡಿ. ಎರಡು ಮುಖಗಳ ನಡುವಿನ ಸಂದು ಸುತ್ತಲೂ ಎಷ್ಟು ಹೆಚ್ಚುಕಮ್ಮಿ ಇರಬಹುದು ಎಂಬುದಕ್ಕೆ ಕಪ್ಲಿಂಗ್ ವ್ಯಾಸದ ಇಂಚಿಗೆ ಒಂದು ಥೌ ಲೆಕ್ಕ, ಎಂಟಿಂಚಿನ ಕಪ್ಲಿಂಗಿಗೆ ಎಂಟು ಥೌ ಒಳಗೆ ಇರಬೇಕು. ನೋಡುವುದು ಬೋಟ್ ತೇಲುತ್ತಿರುವಾಗಲೇ. ದಡಕ್ಕೆ ಎಳೆದ ಮರದ ಬೋಟಿನ ಮೈ ಬೇರೆ, ನೀರಿನಲ್ಲಿದ್ದಾಗ ಬೇರೆ. ಶಾಫ್ಟ್ ಹಿಂದೆ ತಳ್ಳಲಿಕ್ಕೆಂದು ಸಡಿಲಿಸಿದ ಗ್ಲ್ಯಾಂಡ್‌ನಿಂದ (ಶಾಫ್ಟ್ ಬೋಟಿನಿಂದ ಹೊರಗೆ ಹೋಗುವಲ್ಲಿ ನೀರು ತಡೆಯುವ ಭಾಗ) ನೀರು ಬರುತ್ತಲೇ ಇರುತ್ತದೆ, ಪಂಪ್ ಚಾಲೂ ಇಟ್ಟುಕೊಂಡೇ ಕೆಲಸ.

ಎಲ್ಲ ಟೂಲ್ ಸೇರಿ, ಹಾಳಾದದ್ದೂ ಲೆಕ್ಕಕ್ಕೆ ಹಿಡಿದರೆ, ಹನ್ನೊಂದು ಹನ್ನೆರಡು ಸಾವಿರ ಖರ್ಚಾಗಿರಬಹುದು. ಈಗ ಒಂದು ಬೋಟಿಗೆ ಆರು ಸಾವಿರ ತೆಗೆದುಕೊಳ್ಳುತ್ತೇನೆ, ಸೀಲ್ ಬೇರೆ. ಬೆಳಿಗ್ಗೆ ಹಿಡಿದರೆ ಸಂಜೆಗೆ ಎಂಜಿನ್ ಸ್ಟಾರ್ಟ್. ಮೊದಲು ಮಾಡಿದ್ದು ಮೇ ಕೊನೆಯವರೆಗೂ ಸೋರದೆ ಓಡಿದ ಮೇಲೆ ಭಟ್ಕಳದಿಂದಲೂ ಟೂಲ್ ಬಾಡಿಗೆಗೆ ಕೇಳಿ ಬಂದರು. ಬಾಡಿಗೆಗೆ ಕೊಡುವುದಿಲ್ಲ, ಹಲ್ಲು ಮುರಿದು ತರುತ್ತಾರೆ. ಬೇರೆ ಮಾಡೆಲ್ ಇದ್ದವರು ನಟ್‌ನ ಹೊರವ್ಯಾಸ, ಕಚ್ಚಿನ ಅಗಲ, ಆಳ, ಮತ್ತೆ ಶಾಫ್ಟ್ ಹಿಂದೆ ಸರಿಸಿದಾಗ ಸಿಗುವ ಸಂದು ಎಷ್ಟು, ಇಷ್ಟನ್ನು ವರ್ನಿಯರ್‌ನಲ್ಲಿ ಅಳೆದು ತನ್ನಿ. ಟೇಪ್ ಅಳತೆ ಬೇಡ.